ಬ್ಯಾಲೆನ್ಸ್ ಶೀಟಿನ ಒಂದೇ ಸಾಲು: ಉಡುಪಿಯ ಉಪನ್ಯಾಸಕಿಯೊಬ್ಬರಿಗೆ ಪಿಎಚ್‌ಡಿ ವಿಷಯ ಸಿಕ್ಕ ಬಗೆ

2024ರ ಜೂನ್‌ನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬರು ಸಂಶೋಧನಾ ಸಲಹಾ ಸಮಿತಿಯ ಮುಂದೆ ಒಂದು ವಿಷಯ ಇಟ್ಟರು. ‘ಭಾರತದ ಕಂಪನಿಗಳ ಬಂಡವಾಳ ರಚನೆ ಮತ್ತು ಲಾಭದಾಯಕತೆ: ಒಂದು ಅಧ್ಯಯನ.’ ಹದಿನೈದು ನಿಮಿಷ ಚೆನ್ನಾಗಿಯೇ ಮಾತಾಡಿದರು. ಸಮಿತಿಯಲ್ಲಿದ್ದ ಹಿರಿಯರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ಇದರಲ್ಲಿ ನಿಮಗೆ ಈಗಾಗಲೇ ಗೊತ್ತಿಲ್ಲದ್ದು ಯಾವುದು ಮೇಡಂ?’

ಅವರ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಆ ಶೀರ್ಷಿಕೆಗೆ ಸಹಿ ಹಾಕಿದ ಗೈಡ್ ನಾನೇ, ಹಾಗಾಗಿ ತಪ್ಪಿನಲ್ಲಿ ಅರ್ಧ ಪಾಲು ನನ್ನದು. ಮುಂದಿನ ಏಳೆಂಟು ತಿಂಗಳಲ್ಲಿ ಏನಾಯಿತು, ಎಲ್ಲಿ ಎಡವಿದೆವು, ವಿಷಯ ಕೊನೆಗೆ ಎಲ್ಲಿಂದ ಬಂತು ಅನ್ನುವುದನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಕಾಲೇಜು ಬೇಡ ಅಂದಿದ್ದಾರೆ. ಉಡುಪಿ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಾರೆ, ಪಾರ್ಟ್ ಟೈಮ್ ಪಿಎಚ್‌ಡಿ, ಕೋರ್ಸ್‌ವರ್ಕ್ ಮುಗಿದಿತ್ತು. ಅಷ್ಟು ಸಾಕು.

ಮೊದಲು ಆ ಹಳೆಯ ವಿಷಯ ಯಾಕೆ ನಿಲ್ಲಲಿಲ್ಲ ಅಂತ ನೋಡೋಣ. ಕಂಪನಿಗೆ ಸಾಲ ಎಷ್ಟಿರಬೇಕು, ಷೇರು ಬಂಡವಾಳ ಎಷ್ಟಿರಬೇಕು ಅನ್ನುವ ಚರ್ಚೆ 1958ರಲ್ಲಿ ಮೊಡಿಲಿಯಾನಿ ಮತ್ತು ಮಿಲ್ಲರ್ ಬರೆದ ಲೇಖನದಿಂದ ಹೊಸ ದಾರಿ ಹಿಡಿಯಿತು. 1976ರಲ್ಲಿ ಜೆನ್ಸನ್ ಮತ್ತು ಮೆಕ್ಲಿಂಗ್, 1984ರಲ್ಲಿ ಮೈಯರ್ಸ್ ಮತ್ತು ಮಜ್ಲುಫ್, 1995ರಲ್ಲಿ ರಾಜನ್ ಮತ್ತು ಜಿಂಗಾಲೆಸ್, ಹೀಗೆ ಒಬ್ಬರ ಮೇಲೆ ಒಬ್ಬರು ಕಟ್ಟುತ್ತಾ ಬಂದಿದ್ದಾರೆ. ಕಂಪನಿಯ ಗಾತ್ರ, ಲಾಭ, ಸ್ಥಿರಾಸ್ತಿ, ಬೆಳವಣಿಗೆ, ಈ ನಾಲ್ಕನ್ನು ಒಂದು ಕಡೆ ಇಟ್ಟು ಸಾಲದ ಪ್ರಮಾಣವನ್ನು ಇನ್ನೊಂದು ಕಡೆ ಇಟ್ಟು ರಿಗ್ರೆಷನ್ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನುವ ಸಂಖ್ಯಾಶಾಸ್ತ್ರದ ಲೆಕ್ಕ) ಓಡಿಸುವುದು ಈಗ ಎಂ.ಕಾಂ. ಪ್ರಾಜೆಕ್ಟ್‌ನಲ್ಲೂ ಆಗುತ್ತದೆ. ಆ ಸಂಜೆ ನಾವಿಬ್ಬರೂ ಕೂತು ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿ ಹುಡುಕಿದೆವು. ಬಂಡವಾಳ ರಚನೆ ಅಂತ ಹಾಕಿದರೆ ಪುಟದ ಮೇಲೆ ಪುಟ. ಒಬ್ಬರದ್ದು ಸಿಮೆಂಟ್, ಒಬ್ಬರದ್ದು ಉಕ್ಕು, ಇನ್ನೊಬ್ಬರದ್ದು ಔಷಧ. ಕೈಗಾರಿಕೆಯ ಹೆಸರು ಬದಲಾಗಿದೆ, ಪ್ರಶ್ನೆ ಬದಲಾಗಿಲ್ಲ. ಇನ್ನೂ ದೊಡ್ಡ ತೊಂದರೆ ಬೇರೆಯೇ ಇದೆ. ಸಾಲ ಕಡಿಮೆ ಇದ್ದದ್ದಕ್ಕೆ ಲಾಭ ಬಂತೋ, ಲಾಭ ಬಂದದ್ದಕ್ಕೆ ಸಾಲ ಬೇಕಾಗಲಿಲ್ಲವೋ? ಸುಮ್ನೆ ಹತ್ತು ವರ್ಷದ ಅಂಕಿ ಸೇರಿಸಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಎರಡೂ ಒಟ್ಟಿಗೆ ಚಲಿಸುತ್ತವೆ, ಅಷ್ಟೇ ಗೊತ್ತಾಗುತ್ತದೆ.

ಎರಡನೇ ಸುತ್ತಿನಲ್ಲಿ ಅವರು ಊರಿನ ಬ್ಯಾಂಕುಗಳ ಕಡೆ ತಿರುಗಿದರು. ನನಗೆ ಇದು ತುಂಬಾ ಇಷ್ಟವಾಗಿತ್ತು. ಕರಾವಳಿಯವರಿಗೆ ಬ್ಯಾಂಕು ಅಂದರೆ ಮನೆಯ ವಿಷಯ ಅಲ್ವಾ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. 1928ರಲ್ಲಿ ಸಿಂಡಿಕೇಟ್ ಶುರು ಮಾಡಿದ ಪಿಗ್ಮಿಗೆ ದಿನಾ ಚಿಲ್ಲರೆ ಕಟ್ಟಿಯೇ ಅಮ್ಮ ತಮ್ಮನ್ನು ಓದಿಸಿದ್ದು ಅಂತ ಅವರು ಹೇಳಿದರು. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದೊಳಗೆ ಹೋಯಿತು, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಈ ವಿಲೀನದಿಂದ ಏನಾಯಿತು ಅಂತ ನೋಡುತ್ತೇನೆ ಸರ್ ಅಂದರು.

ಮನಸ್ಸು ಒಪ್ಪಿದರೂ ಲೆಕ್ಕ ಒಪ್ಪಲಿಲ್ಲ. ಮೂರೇ ಬ್ಯಾಂಕು, ಎರಡೇ ದಿನಾಂಕ. ವಿಲೀನ ಆದ ಮೇಲೆ ಹಳೆಯ ಬ್ಯಾಂಕಿನ ಪ್ರತ್ಯೇಕ ಲೆಕ್ಕಪತ್ರವೇ ಇರುವುದಿಲ್ಲ, ಹಾಗಿದ್ದ ಮೇಲೆ ಮೊದಲು ಹೇಗಿತ್ತು ನಂತರ ಹೇಗಾಯಿತು ಅಂತ ಹೋಲಿಸುವುದು ಯಾವುದನ್ನು? ಮೇಲಾಗಿ ಬ್ಯಾಂಕಿನ ಬಂಡವಾಳ ಎಷ್ಟಿರಬೇಕು ಅನ್ನುವುದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ, ಠೇವಣಿ ಅನ್ನುವುದೇ ಅದರ ಸಾಲ. ಸಾಮಾನ್ಯ ಕಂಪನಿಯ ಸಿದ್ಧಾಂತವನ್ನು ಅದರ ಮೇಲೆ ಹಾಗೇ ಇಡಲು ಬರುವುದಿಲ್ಲ. ಆಗ ಅವರೇ ಪ್ರಶ್ನೆಯನ್ನು ತಿರುಗಿಸಿದರು. ಬ್ಯಾಂಕು ಬಿಡೋಣ, ಈ ಬ್ಯಾಂಕುಗಳಿಂದ ಸಾಲ ಪಡೆದಿದ್ದ ಕಂಪನಿಗಳಿಗೆ ಏನಾಯಿತು? ಇದು ಒಳ್ಳೆಯ ಪ್ರಶ್ನೆ, ಈಗಲೂ ಹೇಳುತ್ತೇನೆ. ಯಾವ ಕಂಪನಿಯ ಆಸ್ತಿ ಯಾವ ಬ್ಯಾಂಕಿಗೆ ಅಡವಿದೆ ಅನ್ನುವುದು ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಯಲ್ಲಿ ಸಿಗುತ್ತದೆ. ಆದರೆ ದೊಡ್ಡ ಕಂಪನಿಗಳು ಐದಾರು ಬ್ಯಾಂಕುಗಳಿಂದ ಒಟ್ಟಿಗೆ ಸಾಲ ಪಡೆದಿರುತ್ತವೆ, ಒಂದು ಬ್ಯಾಂಕು ಹೆಸರು ಬದಲಿಸಿದರೆ ಅವಕ್ಕೆ ತಟ್ಟುವುದು ಕಡಿಮೆ. ನಿಜಕ್ಕೂ ತಟ್ಟಿದ್ದು ಗೇರುಬೀಜದ ಕಾರ್ಖಾನೆಯವರಿಗೆ, ಮೀನಿನ ವ್ಯಾಪಾರಿಗಳಿಗೆ, ಹಳೆಯ ಮ್ಯಾನೇಜರ್‌ನ ಮುಖ ನೋಡಿ ಸಾಲ ಪಡೆಯುತ್ತಿದ್ದವರಿಗೆ. ಅವರಲ್ಲಿ ಹೆಚ್ಚಿನವರು ಒಬ್ಬರದೇ ಅಥವಾ ಪಾಲುದಾರಿಕೆಯ ವ್ಯವಹಾರದವರು, ಅವರ ಲೆಕ್ಕ ಸಾರ್ವಜನಿಕ ದಾಖಲೆಯಲ್ಲಿ ಇರುವುದಿಲ್ಲ. ಯಾರ ಬಗ್ಗೆ ಕೇಳಬೇಕೋ ಅವರೇ ಕಾಣುತ್ತಿಲ್ಲ ಅಂದ ಮೇಲೆ ಏನು ಮಾಡುವುದು. ಎರಡು ತಿಂಗಳು ಹೋಗಿತ್ತು. ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿ ಮುಂದೆ ಹೋದೆವು.

ಆ ಹೊತ್ತಿಗೆ ಅವರು ನಿಜಕ್ಕೂ ಕುಗ್ಗಿದ್ದರು. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಕಾಲೇಜಿನ ಪಾಠ, ನ್ಯಾಕ್ ಫೈಲು, ಮನೆ, ಇವುಗಳ ನಡುವೆ ಆರು ವರ್ಷ ಅನ್ನುವುದು ದೊಡ್ಡದೇನಲ್ಲ. ‘ಸರ್, ಯಾವುದಾದರೂ ಒಂದು ವಿಷಯ ನೀವೇ ಕೊಟ್ಟುಬಿಡಿ’ ಅಂದರು. ಕೊಡಬಹುದಿತ್ತು. ಕೊಡಲಿಲ್ಲ. ಬೇರೆಯವರು ಕೊಟ್ಟ ಪ್ರಶ್ನೆಯ ಜೊತೆ ಐದು ವರ್ಷ ಬದುಕುವುದು ಕಷ್ಟ, ನಾನು ಹಾಗೆ ಮಾಡಿ ನಡುದಾರಿಯಲ್ಲಿ ಬಿಟ್ಟವರನ್ನು ನೋಡಿದ್ದೇನೆ. ಅದರ ಬದಲು ಒಂದು ಕೆಲಸ ಹೇಳಿದೆ. ಒಂದು ತಿಂಗಳು ಯಾವ ಸಂಶೋಧನಾ ಲೇಖನವನ್ನೂ ಓದಬೇಡಿ. ವ್ಯವಹಾರ ಮಾಡುವವರ ಹತ್ತಿರ ಮಾತಾಡಿ, ಕಳೆದ ಎರಡು ಮೂರು ವರ್ಷದಲ್ಲಿ ಹಣದ ವಿಷಯದಲ್ಲಿ ಅವರು ಮಾಡುವ ಯಾವ ಕೆಲಸ ಬದಲಾಗಿದೆ ಅಂತ ಕೇಳಿ.

ಅವರು ದೂರ ಹೋಗಬೇಕಾಗಲಿಲ್ಲ. ಅವರ ತಮ್ಮ ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಫ್ಯಾಬ್ರಿಕೇಷನ್ ಘಟಕ ನಡೆಸುತ್ತಾರೆ. ಅಕ್ಕ ಕೇಳಿದ್ದಕ್ಕೆ ಅವರು ತೋರಿಸಿದ್ದು 2024ರ ಫೆಬ್ರವರಿಯಲ್ಲಿ ಒಂದು ದೊಡ್ಡ ಕಂಪನಿಯಿಂದ ಬಂದಿದ್ದ ಮೇಲ್. ನಿಮ್ಮ ಹತ್ತಿರ ಉದ್ಯಮ್ ನೋಂದಣಿ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಇದೆಯೇ, ಇದ್ದರೆ ಯಾವ ವರ್ಗ, ಸರ್ಟಿಫಿಕೇಟ್ ಕಳಿಸಿ. ತಮ್ಮ ಹೇಳಿದ ಮಾತನ್ನು ಅವರು ನನಗೆ ಹಾಗೇ ಹೇಳಿದರು: ‘ಅಕ್ಕಾ, ಆವತ್ತು ನಂಗೆ ತಲೆಬಿಸಿ ಆದದ್ದು ಎಂತ ಗೊತ್ತುಂಟಾ? ಉಂಟು ಅಂತ ಹೇಳಿದ್ರೆ ಒಳ್ಳೆಯದಾ, ಇಲ್ಲ ಅಂತ ಹೇಳಿದ್ರೆ ಒಳ್ಳೆಯದಾ ಅಂತ. ಉಂಟು ಅಂದ್ರೆ ದುಡ್ಡು ಬೇಗ ಬರಬಹುದು, ಆರ್ಡರ್ ಬೇರೆಯವರಿಗೆ ಹೋಗಲೂಬಹುದು.’

ಈ ಮಾತು ಕೇಳಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಇದು ಪ್ರಶ್ನೆ.

ಆ ಮೇಲ್‌ನ ಹಿಂದಿದ್ದದ್ದು 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಸೆಕ್ಷನ್. 2023ರ ಹಣಕಾಸು ಕಾಯ್ದೆಯಲ್ಲಿ ಬಂದು, 2023-24ರ ಹಣಕಾಸು ವರ್ಷದ ಲೆಕ್ಕಕ್ಕೆ ಮೊದಲ ಬಾರಿ ಅನ್ವಯವಾಯಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು 2006ರ ಎಂಎಸ್‌ಎಂಇ ಕಾಯ್ದೆ ಹೇಳುವ ಗಡುವಿನೊಳಗೆ ಕೊಡಬೇಕು. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೆ ಒಪ್ಪಂದದಂತೆ, ಆದರೆ 45 ದಿನ ಮೀರುವಂತಿಲ್ಲ. ಮೀರಿದರೆ ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆದಾಯದಿಂದ ಕಳೆಯಬಹುದು. ಈ ಸೆಕ್ಷನ್ನಿನ ಬೇರೆ ಬಾಕಿಗಳಿಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಕಟ್ಟಿದರೂ ನಡೆಯುತ್ತದೆ, ಇದಕ್ಕೆ ಆ ರಿಯಾಯಿತಿ ಇಲ್ಲ. ಮಧ್ಯಮ ಉದ್ಯಮಗಳು ಇದರಲ್ಲಿ ಬರುವುದಿಲ್ಲ.

ಇಲ್ಲಿಗೆ ವಿಷಯ ಸಿಕ್ಕಿತು ಅಂತ ಅವರು ಓಡಿದರು. ‘43ಬಿ(ಎಚ್)ನಿಂದ ಸಣ್ಣ ಉದ್ಯಮಗಳಿಗೆ ಆದ ಲಾಭ’ ಅಂತ ಬರೆದುಕೊಂಡು ಬಂದರು. ನಾನು ಕಾಗದ ವಾಪಸ್ ಕೊಟ್ಟೆ. ಲಾಭ ಅಂದರೆ ಯಾವುದು, ಯಾರ ಪುಸ್ತಕದಲ್ಲಿ ಅಳೆಯುತ್ತೀರಿ? ಸಣ್ಣವರ ಲೆಕ್ಕ ಸಿಗುವುದಿಲ್ಲ ಅಂತ ಬ್ಯಾಂಕಿನ ಪ್ರಶ್ನೆಯಲ್ಲೇ ಕಲಿತೆವಲ್ಲ. ದೊಡ್ಡವರ ಪುಸ್ತಕ ತೆರೆಯಿರಿ ಅಂದೆ. ಅಲ್ಲಿ ಒಂದು ಸಾಲು ಇದೆ. ಕಂಪನಿ ಕಾಯ್ದೆಯ ಮೂರನೇ ಶೆಡ್ಯೂಲ್ ಪ್ರಕಾರ ಪ್ರತಿ ಕಂಪನಿ ತನ್ನ ಬ್ಯಾಲೆನ್ಸ್ ಶೀಟಿನಲ್ಲಿ ಸರಬರಾಜುದಾರರಿಗೆ ಕೊಡಬೇಕಾದ ಬಾಕಿಯನ್ನು ಎರಡಾಗಿ ಒಡೆದು ತೋರಿಸಬೇಕು: ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಇಷ್ಟು, ಉಳಿದವರಿಗೆ ಇಷ್ಟು. ಬಹಳ ಜನ ಕಣ್ಣು ಹಾಯಿಸದೆ ಬಿಡುವ ಸಾಲು ಅದು.

ಆಮೇಲೆ ಒಂದು ಶನಿವಾರ ಪೂರ್ತಿ ಕೂತು ಬರೀ ಲೆಕ್ಕ ಹಾಕಿದೆವು. ನನ್ನ ಮಟ್ಟಿಗೆ ಈ ಪ್ರಕರಣದ ಜೀವ ಇರುವುದು ಆ ಶನಿವಾರದಲ್ಲಿ. ಒಂದು ಕಂಪನಿ ಸಣ್ಣ ಉದ್ಯಮಕ್ಕೆ 1 ಕೋಟಿ ಬಾಕಿ ಉಳಿಸಿಕೊಂಡಿದೆ ಅಂತ ಇಟ್ಟುಕೊಳ್ಳಿ, ಗಡುವು ದಾಟಿದೆ, ಮಾರ್ಚ್ 31 ಬಂತು. ಆ ಕೋಟಿ ಆ ವರ್ಷದ ಆದಾಯಕ್ಕೆ ಸೇರುತ್ತದೆ. ಸೆಸ್, ಸರ್ಚಾರ್ಜ್ ಸೇರಿ 25.17% ದರದಲ್ಲಿ ಸುಮಾರು 25 ಲಕ್ಷ ಜಾಸ್ತಿ ತೆರಿಗೆ. ಆದರೆ ಅದು ಮುಳುಗಿದ ಹಣ ಅಲ್ಲ, ಮುಂದಿನ ವರ್ಷ ಬಾಕಿ ತೀರಿಸಿದಾಗ ಆ ಖರ್ಚು ಕಳೆಯಲು ಸಿಗುತ್ತದೆ. ಅಂದರೆ ನಿಜವಾದ ನಷ್ಟ 25 ಲಕ್ಷದ ಮೇಲೆ ಒಂದು ವರ್ಷದ ಬಡ್ಡಿ. 10% ಹಿಡಿದರೆ ಎರಡೂವರೆ ಲಕ್ಷ.

ಈಗ 2006ರ ಹಳೆಯ ಕಾನೂನು ನೋಡಿ. ತಡ ಮಾಡಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2023-24ರಲ್ಲಿ ಬ್ಯಾಂಕ್ ರೇಟ್ 6.75% ಇತ್ತು, ಮೂರು ಪಟ್ಟು 20.25%. ಅದೇ 1 ಕೋಟಿ ಒಂದು ವರ್ಷ ತಡವಾದರೆ ಬಡ್ಡಿ 22 ಲಕ್ಷ ದಾಟುತ್ತದೆ, ಆ ಬಡ್ಡಿಯನ್ನು ತೆರಿಗೆಯಲ್ಲಿ ಖರ್ಚು ಅಂತ ತೋರಿಸಲೂ ಆಗುವುದಿಲ್ಲ.

ಅವರು ಎರಡು ಅಂಕಿಗಳನ್ನೂ ಒಂದರ ಕೆಳಗೆ ಒಂದು ಬರೆದು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು. ‘ಸರ್, 22 ಲಕ್ಷದ ದಂಡ ಹದಿನೇಳು ವರ್ಷದಿಂದ ಕಾನೂನಿನಲ್ಲಿ ಇತ್ತು. ಆಗ ನಮ್ಮ ತಮ್ಮನಿಗೆ ಯಾರೂ ಮೇಲ್ ಹಾಕಲಿಲ್ಲ. ಎರಡೂವರೆ ಲಕ್ಷದ ಭಯಕ್ಕೆ ಹಾಕಿದರಾ?’

ಜೂನ್‌ನಲ್ಲಿ ಸಮಿತಿ ಕೇಳಿದ ಪ್ರಶ್ನೆಗೆ ಉತ್ತರ ಇದೇ. ಗೊತ್ತಿಲ್ಲದ್ದು ಸಿಕ್ಕಿತ್ತು. ಹಳೆಯ ಬಡ್ಡಿಯನ್ನು ಸರಬರಾಜುದಾರರೇ ಕೇಳಿ ಪಡೆಯಬೇಕು, ಕೇಳಿದರೆ ಮುಂದಿನ ಆರ್ಡರ್ ಹೋಗುತ್ತದೆ ಅನ್ನುವ ಅಂಜಿಕೆ. ಹೊಸ ನಿಯಮದಲ್ಲಿ ಅವರು ಬಾಯಿ ಬಿಡಬೇಕಾಗಿಲ್ಲ, ಕಂಪನಿಯ ತೆರಿಗೆ ಆಡಿಟ್ ವರದಿಯಲ್ಲೇ ಅದು ಬರುತ್ತದೆ. ದಂಡ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದನ್ನು ಜಾರಿ ಮಾಡುವವರು ಯಾರು ಅನ್ನುವುದು ಕಂಪನಿಯ ನಡವಳಿಕೆಯನ್ನು ಬದಲಿಸುತ್ತದೆಯೇ? ನಮ್ಮ ಊಹೆ ಹೌದು ಅಂತ. ತೋರಿಸಬೇಕಷ್ಟೆ.

ಈಗ ಲೇಖನಗಳಿಗೆ ವಾಪಸ್ ಹೋದೆವು, ಆದರೆ ಈ ಸಲ ಏನು ಹುಡುಕಬೇಕು ಅಂತ ಗೊತ್ತಿತ್ತು. ಸರಬರಾಜುದಾರರು ಕೊಡುವ ಉದ್ದರಿಯ ಬಗ್ಗೆ ಪೀಟರ್ಸನ್ ಮತ್ತು ರಾಜನ್ 1997ರಲ್ಲಿ ಬರೆದದ್ದು ಬುನಾದಿ. ಫ್ರಾನ್ಸ್‌ನಲ್ಲಿ 2006ರಲ್ಲಿ ಟ್ರಕ್ಕಿನವರಿಗೆ 30 ದಿನದೊಳಗೆ ಹಣ ಕೊಡಬೇಕು ಅಂತ ನಿಯಮ ಬಂದಾಗ ಏನಾಯಿತು ಅಂತ ಬಾರೋ ಅನ್ನುವವರು ನೋಡಿದ್ದಾರೆ. ಚಿಲಿ ದೇಶದಲ್ಲಿ ಒಂದು ದೊಡ್ಡ ಸೂಪರ್ ಮಾರ್ಕೆಟ್‌ಗೆ ಇಂಥದೇ ಮಿತಿ ಬಂದಾಗ ಅದು ಸಣ್ಣವರಿಂದ ಕೊಳ್ಳುವುದನ್ನೇ ಕಡಿಮೆ ಮಾಡಿ ಸ್ವಲ್ಪ ಮಾಲನ್ನು ತನ್ನೊಳಗೇ ಮಾಡಿಕೊಂಡಿತು ಅಂತ ಬ್ರೆಜಾ ಮತ್ತು ಲಿಬರ್‌ಮನ್ ತೋರಿಸಿದ್ದಾರೆ. ಬೈಕಂಪಾಡಿಯ ತಮ್ಮನಿಗೆ ಬಂದ ಅದೇ ಹೆದರಿಕೆ!

ಕೆಲಸ ನಿಜವಾಗಿ ಬಿಗಿಯಾದದ್ದು ಅಂಕಿ ಕೈಗೆ ತೆಗೆದುಕೊಂಡ ಮೇಲೆ. ಮೊದಲು ನಲವತ್ತು ಕಂಪನಿಗಳ ವಾರ್ಷಿಕ ವರದಿಯನ್ನು ಒಂದೊಂದಾಗಿ ತೆರೆದು ಓದಿ, ಡೇಟಾಬೇಸ್ ಆಮೇಲೆ ನೋಡೋಣ ಅಂದಿದ್ದೆ. ಒಳ್ಳೆಯದೇ ಆಯಿತು. 2021ರ ಏಪ್ರಿಲ್‌ನಿಂದ ಬಾಕಿಯ ವಯಸ್ಸಿನ ಪಟ್ಟಿಯನ್ನೂ ಕೊಡಬೇಕು ಅಂತ ನಿಯಮ ಬಂದಿದೆ, ಅದರಲ್ಲಿ ಎಲ್ಲ ಇರುತ್ತದೆ ಅಂದುಕೊಂಡಿದ್ದೆವು. ಆದರೆ ಆ ಪಟ್ಟಿಯಲ್ಲಿ ಮೊದಲ ಕಾಲಂ ಒಂದು ವರ್ಷಕ್ಕಿಂತ ಕಡಿಮೆ ಅಂತ ಇದೆ. ನಮಗೆ ಬೇಕಾದದ್ದು 45 ದಿನ. ಅದಕ್ಕೆ ಕಂಪನಿಗಳು ಆರು ತಿಂಗಳಿಗೊಮ್ಮೆ ಸಲ್ಲಿಸುವ ಎಂಎಸ್‌ಎಂಇ-1 ಫಾರಂ ನೋಡಬೇಕು, 45 ದಿನ ದಾಟಿದ ಬಾಕಿ ಅಲ್ಲಿ ಬರುತ್ತದೆ. ಮಾರ್ಚ್‌ನಲ್ಲಿ ಮಾತ್ರ ಬಾಕಿ ತೀರಿಸಿ ಸೆಪ್ಟೆಂಬರ್‌ನಲ್ಲಿ ಮತ್ತೆ ಹಳೆಯ ದಾರಿ ಹಿಡಿದರೆ? ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿಗಳು ಸೆಪ್ಟೆಂಬರ್ 30ರ ಆಸ್ತಿ-ಹೊಣೆಯ ಪಟ್ಟಿಯನ್ನೂ ಪ್ರಕಟಿಸುತ್ತವೆ, ಹಾಗಾಗಿ ಮಾರ್ಚ್ ಮತ್ತು ಸೆಪ್ಟೆಂಬರ್ ಎರಡನ್ನೂ ಪಕ್ಕಪಕ್ಕ ಇಡಬಹುದು. ಇದು ಅವರದೇ ಯೋಚನೆ. ನನಗೆ ಹೊಳೆದಿರಲಿಲ್ಲ.

ಇನ್ನೊಂದು ಗುಂಡಿ ಇತ್ತು, ಅದರಲ್ಲಿ ಬಿದ್ದೇಬಿಡುತ್ತಿದ್ದೆವು. ಕೆಲವು ಕಂಪನಿಗಳಲ್ಲಿ 2024ರ ಮಾರ್ಚ್‌ಗೆ ಸಣ್ಣ ಉದ್ಯಮಗಳ ಬಾಕಿ ಇಳಿಯುವ ಬದಲು ಏರಿತ್ತು. ಕಾನೂನು ಕೆಲಸ ಮಾಡಿಲ್ಲ ಅಂತ ಬರೆಯಲು ಹೊರಟರು. ನೋಟ್ಸ್ ಓದಿದಾಗ ಗೊತ್ತಾಯಿತು, ಯಾರು ಸಣ್ಣ ಉದ್ಯಮ ಅನ್ನುವುದನ್ನು ಕಂಪನಿ ತನಗೆ ಸಿಕ್ಕ ಮಾಹಿತಿಯ ಮೇಲೆ ಹೇಳುತ್ತದೆ. ಆ ವರ್ಷ ಎಲ್ಲರಿಗೂ ಮೇಲ್ ಹಾಕಿ ಸರ್ಟಿಫಿಕೇಟ್ ತರಿಸಿಕೊಂಡಿದ್ದಾರೆ, ಹಾಗಾಗಿ ಮೊದಲು ‘ಉಳಿದವರು’ ಅಂತ ಇದ್ದವರು ಈಗ ‘ಸಣ್ಣವರು’ ಸಾಲಿಗೆ ಬಂದಿದ್ದಾರೆ. ಬಾಕಿ ಏರಿದ್ದಲ್ಲ, ಹಣೆಪಟ್ಟಿ ಬದಲಾದದ್ದು. ತಮ್ಮನಿಗೆ ಬಂದ ಆ ಮೇಲೇ ಅಂಕಿಯನ್ನು ಕೆಡಿಸುತ್ತಿತ್ತು. ಈಗ ಒಟ್ಟು ಬಾಕಿಯನ್ನು ಒಟ್ಟು ಖರೀದಿಗೆ ಹೋಲಿಸಿ ನೋಡುವುದು, ಜೊತೆಗೆ 45 ದಿನ ದಾಟಿದ್ದನ್ನು ಬೇರೆ ನೋಡುವುದು ಅಂತ ತೀರ್ಮಾನಿಸಿದ್ದಾರೆ.

ಯಾರ ಜೊತೆ ಹೋಲಿಸುವುದು ಅನ್ನುವುದಕ್ಕೆ ಕಾನೂನೇ ದಾರಿ ಕೊಟ್ಟಿತು. ತೆರಿಗೆ ಕಟ್ಟುವಷ್ಟು ಲಾಭ ಇಲ್ಲದ, ಹಳೆಯ ನಷ್ಟ ಹೊತ್ತು ನಡೆಯುವ ಕಂಪನಿಗೆ ಈ ನಿಯಮ ಕೂಡಲೇ ಕಚ್ಚುವುದಿಲ್ಲ. ಪುಸ್ತಕದ (ಅಂದರೆ ಲೆಕ್ಕಪತ್ರದಲ್ಲಿ ತೋರಿಸಿದ) ಲಾಭದ ಮೇಲೆ ಕನಿಷ್ಠ ತೆರಿಗೆ ಕಟ್ಟುವ ಕಂಪನಿಗೂ ಹಾಗೇ. ಪೂರ್ತಿ ತೆರಿಗೆ ಕಟ್ಟುವ ಕಂಪನಿಗೆ ಕಚ್ಚುತ್ತದೆ. ಎರಡೂ ಗುಂಪು 2023ರ ಮೊದಲು ಒಂದೇ ರೀತಿ ನಡೆಯುತ್ತಿದ್ದವೇ, ಆಮೇಲೆ ಬೇರೆಯಾದವೇ ಅಂತ ನೋಡಬೇಕು. ಸುತ್ತಲಿನ ಗದ್ದಲವನ್ನೂ ತೆಗೆಯಬೇಕಿತ್ತು. ಸಣ್ಣವರು ತಮ್ಮ ಬಿಲ್ ಕೊಟ್ಟು ಬ್ಯಾಂಕಿನಿಂದ ಮುಂಚೆಯೇ ಹಣ ಪಡೆಯುವ ಟ್ರೆಡ್ಸ್ ಅನ್ನುವ ಆನ್‌ಲೈನ್ ವೇದಿಕೆಯಲ್ಲಿ ದೊಡ್ಡ ಕಂಪನಿಗಳ ಕಡ್ಡಾಯ ನೋಂದಣಿಯ ಮಿತಿ 2024ರ ನವೆಂಬರ್‌ನಲ್ಲಿ 500 ಕೋಟಿ ವಹಿವಾಟಿನಿಂದ 250 ಕೋಟಿಗೆ ಇಳಿಯಿತು, ಅದಕ್ಕೆ ಮೊದಲಿನಿಂದಲೂ 500 ಕೋಟಿ ಮೀರಿದ್ದ ಕಂಪನಿಗಳನ್ನು ಮಾತ್ರ ಇಟ್ಟುಕೊಂಡರು. ಸೂಕ್ಷ್ಮ, ಸಣ್ಣ ಅನ್ನುವುದರ ಅಳತೆಯೇ 2025ರ ಏಪ್ರಿಲ್ 1ರಿಂದ ಬದಲಾಯಿತು, ಹಾಗಾಗಿ ಅಧ್ಯಯನ 2025ರ ಮಾರ್ಚ್ 31ಕ್ಕೆ ನಿಲ್ಲುತ್ತದೆ. ಕೋವಿಡ್‌ನ ವರ್ಷ ಬೇಡ ಅಂತ 2021-22ರಿಂದ ಶುರು.

ಕೊನೆಗೆ ಪ್ರಶ್ನೆ ಹೀಗೆ ನಿಂತಿತು: 43ಬಿ(ಎಚ್) ಬಂದ ಮೇಲೆ ತೆರಿಗೆ ಕಟ್ಟುವ ದೊಡ್ಡ ಲಿಸ್ಟೆಡ್ ಕಂಪನಿಗಳು ಸಣ್ಣ ಸರಬರಾಜುದಾರರಿಗೆ ಬೇಗ ಹಣ ಕೊಟ್ಟವೇ, ಕೊಟ್ಟಿದ್ದರೆ ಆ ಹಣ ಎಲ್ಲಿಂದ ಬಂತು? ಕೈಯಲ್ಲಿದ್ದ ನಗದೇ, ಬ್ಯಾಂಕಿನ ಅಲ್ಪಾವಧಿ ಸಾಲವೇ, ಅಥವಾ ಮಧ್ಯಮ ಉದ್ಯಮದವರನ್ನು ಇನ್ನಷ್ಟು ಕಾಯಿಸಿ ಉಳಿಸಿದ್ದೇ? ಈ ಎರಡನೇ ಅರ್ಧ ಇಲ್ಲದಿದ್ದರೆ ಇದು ತೆರಿಗೆಯ ಅಧ್ಯಯನ ಆಗುತ್ತಿತ್ತು. ಅದು ಇರುವುದರಿಂದ ಕಾರ್ಪೊರೇಟ್ ಫೈನಾನ್ಸ್ ಆಯಿತು.

ಸಮಿತಿ ಒಪ್ಪಿತು. ಹಿಂದಿನ ಸಲ ಪ್ರಶ್ನೆ ಕೇಳಿದ್ದ ಹಿರಿಯರು ಈ ಸಲ ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿದರು, ಮಧ್ಯಮ ಉದ್ಯಮದ ಮಾತನ್ನು ಬಿಡಬೇಡಿ ಅಂತ ಎರಡು ಸಲ ಹೇಳಿದರು.

ಮೊನ್ನೆ ರಾತ್ರಿ ಅವರ ಫೋನ್ ಬಂತು. ತಮ್ಮನಿಗೆ ಇನ್ನೊಂದು ಕಂಪನಿಯಿಂದ ಸಹಿ ಹಾಕಿ ಕಳಿಸಿ ಅಂತ ಒಂದು ಒಪ್ಪಂದ ಬಂದಿದೆ. 45 ದಿನದಲ್ಲಿ ಹಣ ಕೊಡುತ್ತೇವೆ ಅಂತ ಅದರಲ್ಲಿ ಬರೆದಿದೆ. ‘ಸರ್, ಇವರು ಇಷ್ಟು ವರ್ಷ ಬಾಯಿಮಾತಿನ ಮೇಲೆ 30 ದಿನಕ್ಕೆ ಕೊಡುತ್ತಿದ್ದರು. ಈಗ ಕಾಗದ ಇಲ್ಲದಿದ್ದರೆ 15 ದಿನಕ್ಕೆ ಕೊಡಬೇಕಾಗುತ್ತದಲ್ಲ, ಅದಕ್ಕೆ ಕಾಗದ ಮಾಡಿ 45ಕ್ಕೆ ಒಯ್ದಿದ್ದಾರೆ. ಬೇಗ ಕೊಡುತ್ತಿದ್ದವರು ತಡ ಮಾಡಲು ಶುರು ಮಾಡಿದರೆ ಅದನ್ನು ಯಾವ ಕಾಲಂನಲ್ಲಿ ಹಿಡಿಯುವುದು?’ ಆ ಒಪ್ಪಂದದ ಫೋಟೊ ಕಳಿಸಿ ಅಂದಿದ್ದೇನೆ. ಶನಿವಾರ ಕೂರುತ್ತೇವೆ.